ಅಣ್ಣತಂಗಿ ಮೇಡಂ

ಮಕ್ಕಳ ಪುಸ್ತಕಗಳನ್ನಷ್ಟೇ ಹೊರತರುವ ಆ ಸಣ್ಣ ಪ್ರಕಾಶನದಲ್ಲಿ ಮೇಡಂಗೆ ಎರಡು ಹೆಸರಿದ್ದವು. ಎದುರಿಗೆ ಬರೀ ಮೇಡಂ. ಬೆನ್ನ ಹಿಂದೆ ಅಣ್ಣತಂಗಿ ಮೇಡಂ. ಎರಡನೆಯ ಹೆಸರು ಅವರ ಕಿವಿಗೆ ಬಿದ್ದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಗೆ ಅಂದುಕೊಂಡಿದ್ದಾರೆ ಎಂಬುದೂ ಮೇಡಂಗೆ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತವರಿಗೆ ಒಂದು ಅಡ್ಡಹೆಸರೂ ಅಂಟದಿದ್ದರೆ ಅವರು ಅಲ್ಲಿದ್ದರು ಅನ್ನುವುದಕ್ಕೆ ಸಾಕ್ಷಿಯಾದರೂ ಏನು?

ಲೇಖಕರು ಕಳಿಸಿದ ಹಸ್ತಪ್ರತಿ ಮೊದಲು ಮೇಡಂ ಮೇಜಿಗೆ ಬರುತ್ತಿತ್ತು. ಅವರು ಕೆಂಪು ಪೆನ್ನು ಹಿಡಿದು ಕಾಗುಣಿತ ತಿದ್ದಬೇಕು, ಉಸಿರು ಕಟ್ಟಿಸುವಷ್ಟು ಉದ್ದದ ವಾಕ್ಯಗಳನ್ನು ಮುರಿಯಬೇಕು, ಮೂರನೇ ಪುಟದಲ್ಲಿ ಸತ್ತ ಅಜ್ಜ ಒಂಬತ್ತನೇ ಪುಟದಲ್ಲಿ ಕಾಫಿ ಕೇಳಿದರೆ ಅಲ್ಲೇ ಹಿಡಿಯಬೇಕು. ಕೊನೆಯ ಕರಡಿನ ಮೇಲೆ ‘ಅಚ್ಚಿಗೆ ಕಳಿಸಬಹುದು’ ಎಂದು ಬರೆದು ಅವರು ಸಹಿ ಹಾಕದೆ ಯಾವ ಪುಸ್ತಕವೂ ಅಚ್ಚುಮನೆಯ ಮುಖ ನೋಡುತ್ತಿರಲಿಲ್ಲ. ಇದರ ಜೊತೆಗೆ ಇನ್ನೊಂದು ಕೆಲಸವಿತ್ತು. ಅಡ್ಡಹೆಸರು ಬಂದದ್ದು ಅದರಿಂದ.

ಅವರು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಪುಸ್ತಕದಲ್ಲಿ ಹುಡುಗನೊಬ್ಬ ತರಗತಿಯ ಹುಡುಗಿಗೆ ಒಂದು ಚೀಟಿ ಕೊಟ್ಟುಬಿಟ್ಟ. ಚೀಟಿಯಲ್ಲಿ ಇದ್ದದ್ದು ‘ನೀನು ನಕ್ಕರೆ ಚೆನ್ನಾಗಿರುತ್ತದೆ’ ಎಂಬ ಒಂದೇ ಸಾಲು. ಯಾವುದೋ ಶಾಲೆಯ ಮುಖ್ಯೋಪಾಧ್ಯಾಯಿನಿ ಇನ್ನೂರು ಪ್ರತಿಗಳ ಕಟ್ಟನ್ನು ಬಿಚ್ಚದೆ ವಾಪಸು ಕಳಿಸಿದರು. ಆಗಿನ ದೊಡ್ಡ ಯಜಮಾನರು ಮೆತ್ತಗಿನ ಮನುಷ್ಯ. ಫೋನು ಗಂಟೆ ಬಾರಿಸಿದರೂ ಬೆವರುವವರು. ಆ ಕಟ್ಟನ್ನು ನೋಡಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಮೇಡಂ ಮೇಜಿನ ಎದುರಿನ ಗೋಡೆಗೆ ಅಂಟಿಸಿದರು: ‘ಹುಡುಗ ಹುಡುಗಿ ಜೊತೆಯಲ್ಲಿ ಬಂದರೆ ಹತ್ತು ವರ್ಷದವರೆಗೆ ಸ್ನೇಹಿತರು. ಹತ್ತು ದಾಟಿದರೆ ಅಣ್ಣ ತಂಗಿ.’

ಅಂದಿನಿಂದ ಮೇಡಂ ಜೋಡಿಗಳನ್ನು ಒಡಹುಟ್ಟಿದವರನ್ನಾಗಿ ಮಾಡತೊಡಗಿದರು. ಕೇಳುವುದಕ್ಕೆ ಸುಲಭ, ಮಾಡಿ ನೋಡಿದವರಿಗೆ ಗೊತ್ತು. ಹುಡುಗ ಹುಡುಗಿ ಅಣ್ಣತಂಗಿಯಾದ ಕೂಡಲೇ ಎರಡು ಮನೆ ಒಂದಾಗಬೇಕು. ಎರಡು ಮನೆ ಒಂದಾದರೆ ಒಬ್ಬ ತಾಯಿ ಹೆಚ್ಚಾಗುತ್ತಾಳೆ. ಅವಳನ್ನು ಚಿಕ್ಕಮ್ಮ ಮಾಡಿ ಅಡುಗೆಮನೆಯಲ್ಲಿ ಕೂರಿಸಬೇಕು. ಒಬ್ಬ ತಂದೆಯನ್ನು ಪರಸ್ಥಳಕ್ಕೆ ವರ್ಗ ಮಾಡಿಸಬೇಕು. ಹುಡುಗ ಹುಡುಗಿಯ ಮನೆ ಬಾಗಿಲು ತಟ್ಟುವ ಕಡೆಯೆಲ್ಲ ಅವನು ಕೋಣೆಯ ಬಾಗಿಲು ತಟ್ಟಬೇಕು. ಮೇಡಂ ಇದನ್ನು ಎಷ್ಟು ನಾಜೂಕಾಗಿ ಮಾಡುತ್ತಿದ್ದರೆಂದರೆ ಕೆಲವು ಲೇಖಕರೇ ಅಚ್ಚಾದ ಪುಸ್ತಕ ಓದಿ, ತಾವು ಮೊದಲಿನಿಂದಲೂ ಹಾಗೇ ಬರೆದಿದ್ದೆವೇನೋ ಎಂದು ಅನುಮಾನಪಟ್ಟದ್ದುಂಟು. ಅಕ್ಷರ ಜೋಡಿಸುವ ಡಿಟಿಪಿಯವನು ದಿನಾ ಸಂಜೆ ಹಸ್ತಪ್ರತಿ ತೆಗೆದುಕೊಂಡು ಹೋಗಲು ಬಂದಾಗ, ಇವತ್ತು ಎಷ್ಟು ಜನ ತಂಗಿಯರು ಹುಟ್ಟಿದರು ಮೇಡಂ ಎಂದು ಕೇಳುತ್ತಿದ್ದ. ಮೇಡಂ ಗಂಭೀರವಾಗಿ ಬೆರಳು ಮಡಿಚಿ ಲೆಕ್ಕ ಒಪ್ಪಿಸುತ್ತಿದ್ದರು.

ಇಷ್ಟಕ್ಕೂ ಅವರು ಪ್ರೀತಿಯ ಗಂಧವಿಲ್ಲದವರೇನಲ್ಲ. ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಕಾರು ಕಲಿಯಲು ಹೋದ ಮೇಡಂ ಪರೀಕ್ಷೆಯಲ್ಲಿ ಎರಡು ಸಲ ಬೇಕೆಂದೇ ಫೇಲಾಗಿ, ಮೂರನೇ ಸಲ ಪಾಸಾಗುವ ಹೊತ್ತಿಗೆ ಮದುವೆಯೂ ನಿಶ್ಚಯವಾಗಿತ್ತು. ಪ್ರೀತಿ ಇರಲಿ, ಆದರೆ ಮಕ್ಕಳಿಗೇಕೆ ಈಗಲೇ, ಅದಕ್ಕೆ ಮುಂದೆ ಬೇಕಾದಷ್ಟು ಕಾಲವಿದೆ ಎಂಬುದು ಅವರ ವಾದ. ಗಂಡ ಒಪ್ಪುತ್ತಿರಲಿಲ್ಲ. ಕಲಿಯುವವರ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ನೆನೆದು ಅವರು ಹೇಳುತ್ತಿದ್ದರು: “ನಾನು ಬ್ರೇಕ್ ಒತ್ತೋದು ಗೋಡೆ ಎದುರಿಗೆ ಬಂದಾಗ. ನೀನು ಗಾಡಿ ಸ್ಟಾರ್ಟ್ ಆಗೋಕೆ ಮೊದಲೇ ಒತ್ಕೊಂಡು ಕೂತಿರ್ತೀಯ.”

ಇಪ್ಪತ್ತು ವರ್ಷದ ಹಿಂದೆ ‘ಹದಿನೇಳು ಬೆಕ್ಕುಗಳು’ ಎಂಬ ಹಸ್ತಪ್ರತಿ ಬಂತು. ಬರೆದವರು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಮೂವತ್ತರ ಹೆಂಗಸು. ಅದಕ್ಕೆ ಮೊದಲು ಅವರದು ಒಂದಕ್ಷರವೂ ಅಚ್ಚಾಗಿರಲಿಲ್ಲ. ಕತೆಯಲ್ಲಿ ಒಂದು ನಾಲ್ಕಂತಸ್ತಿನ ಕಟ್ಟಡ. ಎರಡನೇ ಮಹಡಿಯಲ್ಲಿ ಹದಿಮೂರರ ಹುಡುಗಿ, ಮೂರನೆಯದರಲ್ಲಿ ಹದಿನಾಲ್ಕರ ಹುಡುಗ. ಹುಡುಗನಿಗೆ ಹೃದಯದ ಕಾಯಿಲೆ, ಓಡುವಂತಿಲ್ಲ, ಕುಣಿಯುವಂತಿಲ್ಲ. ಅದಕ್ಕೇ ಮೆಟ್ಟಿಲ ಮೇಲೆ ಕೂತು ಬೀದಿಯ ಬೆಕ್ಕುಗಳ ಪಟ್ಟಿ ಮಾಡುತ್ತಾನೆ: ಯಾವುದು ಯಾರ ಗೋಡೆ ಹಾರಿತು, ಯಾವುದು ಯಾವುದರ ಮೇಲೆ ಮುನಿಸಿಕೊಂಡಿದೆ, ಯಾವುದು ಎರಡು ಮನೆಯಲ್ಲಿ ಎರಡು ಹೆಸರಿಟ್ಟುಕೊಂಡು ಹಾಲು ಕುಡಿಯುತ್ತಿದೆ. ಹುಡುಗಿ ಅವನ ಪಟ್ಟಿಗೆ ಸುದ್ದಿ ತರುತ್ತಾಳೆ. ಹದಿನೇಳು ಬೆಕ್ಕು ಸಿಕ್ಕಿವೆ, ಹದಿನೆಂಟನೆಯದಕ್ಕೆ ಹುಡುಕಾಟ. ಹುಡುಗಿಗೆ ಅವನ ಮೇಲೆ ಮನಸ್ಸಾಗಿದೆ. ಎಲ್ಲೂ ಹೇಳುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಹುಡುಗ ತೀರಿಕೊಳ್ಳುತ್ತಾನೆ.

ದೊಡ್ಡ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಪ್ರೀತಿಯೊಂದೇ ಸಾಲದೆಂದು ಸಾವೂ ಬಂತಲ್ಲ ಎಂದರು. ಮೇಡಂ ಧೈರ್ಯ ಹೇಳಿ ಕೆಲಸಕ್ಕೆ ಕೂತರು. ಹುಡುಗ ಅಣ್ಣನಾದ. ಎರಡು ಮಹಡಿ ಒಂದು ಮನೆಯಾಯಿತು. ಕೊನೆಯ ಹನ್ನೊಂದು ಪುಟ ತೆಗೆದು, ತಾವೇ ನಾಲ್ಕು ಪುಟ ಬರೆದರು: ಅಣ್ಣ ವಾಸಿಯಾಗಿ ದೂರದ ಶಾಲೆಗೆ ಹೋಗುತ್ತಾನೆ, ರಜೆಗೆ ಬಂದಾಗ ಅವನ ಪೆಟ್ಟಿಗೆಯಿಂದ ಹದಿನೆಂಟನೇ ಬೆಕ್ಕು ಹೊರಗೆ ಜಿಗಿಯುತ್ತದೆ. ಬರೆದು ಮುಗಿಸಿದಾಗ ತಮಗೇ ಕಣ್ಣು ತೇವವಾಯಿತು. ಲೇಖಕರಿಗೆ ತೋರಿಸಿ ಕೇಳುವ ಪದ್ಧತಿ ಆ ಪ್ರಕಾಶನದಲ್ಲಿ ಇರಲಿಲ್ಲ.

ಪುಸ್ತಕ ಬಂದ ದಿನ ಲೇಖಕಿ ಕಚೇರಿಗೆ ಬಂದರು. ನಿಂತಲ್ಲೇ ಕೊನೆಯ ಅಧ್ಯಾಯ ಓದಿದರು. ತಾನು ಬರೆದದ್ದು ಎಲ್ಲಿ ಎಂದು ಕೇಳಿದರು. ಮೇಡಂ ಗೋಡೆಯ ಮೇಲಿನ ಹಾಳೆ ತೋರಿಸಿದರು. ಲೇಖಕಿ ಅದನ್ನು ಎರಡು ಸಲ ಓದಿ, ಸರಿ ಎಂದು, ತಮ್ಮ ಪಾಲಿನ ಹತ್ತು ಪ್ರತಿ ಎತ್ತಿಕೊಂಡು ಹೋದರು. ಮತ್ತೆ ಏನೂ ಬರೆಯಲಿಲ್ಲ. ಸರಿ ಅಂದಮೇಲೆ ಸರಿ ತಾನೇ ಎಂದು ಮೇಡಂ ಮುಂದಿನ ಹಸ್ತಪ್ರತಿ ತೆಗೆದರು.

ಸರಿಯಾಗಿರಲಿಲ್ಲ. ಅದನ್ನು ಮೊದಲು ಕಂಡುಹಿಡಿದವರು ಮಕ್ಕಳು. ಮೇಡಂ ಸಂಬಂಧವನ್ನು ಬದಲಾಯಿಸಿದ್ದರು, ನಡವಳಿಕೆಯನ್ನು ಹಾಗೇ ಬಿಟ್ಟಿದ್ದರು. ಪುಸ್ತಕದ ತಂಗಿ ಅಣ್ಣನ ಹೆಜ್ಜೆ ಸದ್ದು ಕೇಳಿದರೆ ಓಡಿಹೋಗಿ ತಲೆ ಬಾಚಿಕೊಳ್ಳುತ್ತಿದ್ದಳು. ಅವನು ಪೆನ್ಸಿಲ್ ಕೇಳಿದರೆ ಅವಳ ಕೈ ನಡುಗುತ್ತಿತ್ತು. ಕೊನೆಯ ಬಿಸ್ಕತ್ತನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಅವನಿಗೆಂದು ಇಡುತ್ತಿದ್ದಳು. ಒಂದೇ ವರ್ಷದಲ್ಲಿ ನಲವತ್ತಮೂರು ಪತ್ರ ಬಂದವು. ‘ನನ್ನ ಅಣ್ಣ ಬಂದರೆ ನಾನು ತಲೆ ಬಾಚಿಕೊಳ್ಳುವುದಿಲ್ಲ, ಟಿವಿ ರಿಮೋಟು ಬಚ್ಚಿಡುತ್ತೇನೆ’ ಎಂದು ಒಬ್ಬಳು ಬರೆದಿದ್ದಳು. ಇನ್ನೊಬ್ಬ ಹುಡುಗ, ಇಂಥ ತಂಗಿ ಯಾವ ಊರಿನಲ್ಲಿ ಸಿಗುತ್ತಾಳೆ ಎಂದು ವಿಚಾರಿಸಿದ್ದ. ಒಳ್ಳೆಯ ತಂಗಿಯರು ಹಾಗೆಯೇ ಇರುತ್ತಾರೆ ಎಂದು ಮೇಡಂ ಎಲ್ಲರಿಗೂ ಕಾರ್ಡು ಬರೆದರು. ರಿಮೋಟಿನ ಹುಡುಗಿ ಬಿಡಲಿಲ್ಲ, ನಿಮಗೆ ಅಣ್ಣ ಇದ್ದಾರಾ ಎಂದು ತಿರುಗಿ ಕೇಳಿದಳು. ಮೇಡಂಗೆ ಒಬ್ಬ ಅಣ್ಣನಿದ್ದ. ಒಂದು ಕುಕ್ಕರಿನ ವಿಷಯಕ್ಕೆ ಅವನೊಡನೆ ಮಾತು ಬಿಟ್ಟು ಆಗ ಆರು ವರ್ಷವಾಗಿತ್ತು. ಆ ಪತ್ರಕ್ಕೆ ಅವರು ಉತ್ತರ ಬರೆಯಲಿಲ್ಲ. ಯಾವ ಪತ್ರವನ್ನೂ ಎಸೆಯಲೂ ಇಲ್ಲ.

ಎರಡು ವರ್ಷದ ಹಿಂದೆ ದೊಡ್ಡ ಯಜಮಾನರು ಹೋದರು, ಮಗಳು ಬಂದಳು. ಚಿಕ್ಕ ಯಜಮಾನಿ ಮೂವತ್ತೆರಡರ ಚುರುಕು ಹೆಂಗಸು. ಕೂತು ಮಾತಾಡಿದ್ದನ್ನು ಯಾರೂ ನೋಡಿಲ್ಲ. ಬಂದ ದಿನವೇ ಗೋಡೆಯ ಹಾಳೆ ಕಿತ್ತು ಬುಟ್ಟಿಗೆ ಹಾಕಿದಳು. ಹದಿಹರೆಯದವರಿಗೆಂದು ಹೊಸ ಮಾಲೆ ತರುವುದು, ಪ್ರತಿ ಪುಸ್ತಕದಲ್ಲೂ ಪ್ರೇಮ ಇರಲೇಬೇಕು, ಇಲ್ಲದಿದ್ದರೆ ಈಗಿನ ಮಕ್ಕಳು ಮುಟ್ಟುವುದಿಲ್ಲ ಎಂದಳು. ಬರೆದವರು ಹಾಕಿಲ್ಲದಿದ್ದರೆ ಮೇಡಂ ಹಾಕಬೇಕು.

ಮೇಡಂ ಹಾಕಿದರು. ಹೇಳಿದ್ದನ್ನು ಮಾಡುವುದು ಅವರ ಸ್ವಭಾವ. ಒಂದು ಕತೆಯಲ್ಲಿ ಹುಡುಗಿಯೊಬ್ಬಳು ಕಷ್ಟಪಟ್ಟು ದೋಣಿ ಕಟ್ಟಿ ಒಬ್ಬಳೇ ನದಿ ದಾಟುತ್ತಿದ್ದಳು; ಆಚೆ ದಡದಲ್ಲಿ ಒಬ್ಬ ಹುಡುಗನನ್ನು ಹೂ ಹಿಡಿಸಿ ನಿಲ್ಲಿಸಬೇಕಾಯಿತು. ಇನ್ನೊಂದರಲ್ಲಿ ಚದುರಂಗದ ಹಲಗೆಯ ಎರಡು ಕಡೆ ಕೂತು ಖುಷಿಯಾಗಿ ಬೈದಾಡುತ್ತಿದ್ದ ಇಬ್ಬರು ಕೊನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ನಾಚಿಕೊಂಡರು. ತಂಗಿಯರಿಗೆಲ್ಲ ಈಗ ಗಂಡು ಹುಡುಕುತ್ತಿದ್ದೀರಾ ಮೇಡಂ ಎಂದು ಡಿಟಿಪಿಯವನು ನಕ್ಕ. ಮೇಡಂಗೆ ನಗು ಬರಲಿಲ್ಲ. ಆ ದೋಣಿಯ ಹುಡುಗಿ ಅವರನ್ನು ಬಿಡದೆ ಕಾಡಿದಳು. ಮೂವತ್ತು ವರ್ಷ ಕಿತ್ತುಹಾಕಿದೆ, ಈಗ ತುರುಕುತ್ತಿದ್ದೇನೆ, ಎರಡು ಕಾಲದಲ್ಲೂ ಕತೆಯ ಹುಡುಗಿಗೆ ಏನು ಬೇಕಿತ್ತು ಎಂದು ಒಬ್ಬರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಐವತ್ತೇಳನೇ ವಯಸ್ಸಿನಲ್ಲಿ ಹಾಗೆ ಅನ್ನಿಸುವುದು ಸುಖದ ವಿಷಯವಲ್ಲ.

ಅಷ್ಟರಲ್ಲಿ ಚಿಕ್ಕ ಯಜಮಾನಿಯ ಕೈಗೆ ‘ಹದಿನೇಳು ಬೆಕ್ಕುಗಳು’ ಸಿಕ್ಕಿತು. ಓದಿದ ಕೂಡಲೇ ಅವಳಿಗೂ ಗೊತ್ತಾಯಿತು, ಇವರು ಅಣ್ಣತಂಗಿಯಲ್ಲ ಎಂದು. ಮರುಮುದ್ರಣ ಮಾಡೋಣ, ಅಣ್ಣ ಅನ್ನುವುದನ್ನು ತೆಗೆಯಿರಿ, ಕೊನೆಯಲ್ಲಿ ಇಬ್ಬರೂ ಕಾಲೇಜಿನಲ್ಲಿ ಮತ್ತೆ ಭೇಟಿಯಾಗಲಿ, ಅದೇ ಮೆಟ್ಟಿಲ ಮೇಲೆ ಒಂದು ಮುತ್ತು ಇರಲಿ ಎಂದಳು. ಗುಲಾಬಿ ಬಣ್ಣದ ರಕ್ಷಾಪುಟದಲ್ಲಿ ಕೈ ಕೈ ಹಿಡಿದ ಇಬ್ಬರ ಚಿತ್ರವೂ ತಯಾರಾಯಿತು. ಲೇಖಕಿಯ ಒಪ್ಪಿಗೆ ತರುವ ಕೆಲಸ ಮೇಡಂ ಪಾಲಿಗೆ ಬಂತು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ಕೋಣೆ. ಲೇಖಕಿಗೆ ಈಗ ಐವತ್ತು, ಮುಂದಲೆ ನರೆತಿತ್ತು. ಊಟದ ಹೊತ್ತಾದ್ದರಿಂದ ಹೊರಗಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದರು. ಮೇಡಂ ಅವರನ್ನು ನೋಡಿದ ತಕ್ಷಣ ಗುರುತಿಸಿದರು. ಮೇಡಂ ಬಂದ ವಿಷಯ ಹೇಳಿದರು: ಅಣ್ಣ ಹೋಗುತ್ತಾನೆ, ಕಾಲೇಜು, ಮೆಟ್ಟಿಲು, ಮುತ್ತು. ಹೇಳುತ್ತ ಹೇಳುತ್ತ ಅವರ ದನಿ ತಾನಾಗಿಯೇ ಇಳಿಯಿತು.

ಲೇಖಕಿ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳಿದರು. ಆ ಹುಡುಗ ಕಟ್ಟುಕತೆಯವನಲ್ಲ. ಮೂರನೇ ಮಹಡಿಯಲ್ಲಿ ನಿಜವಾಗಿ ಇದ್ದ, ಬೆಕ್ಕುಗಳ ಪಟ್ಟಿ ನಿಜವಾಗಿ ಮಾಡಿದ, ಹದಿನಾಲ್ಕಕ್ಕೆ ನಿಜವಾಗಿ ಸತ್ತ. ಹುಡುಗಿ ತಾನೇ. ಒಂದು ದಿನವೂ ಅವನಿಗೆ ಹೇಳಲಿಲ್ಲ. ಬೇರೆ ಯಾರಿಗೂ ಹೇಳಲಿಲ್ಲ, ಹದಿನೇಳು ವರ್ಷ ಬಿಟ್ಟು ಆ ಹನ್ನೊಂದು ಪುಟದಲ್ಲಿ ಬರೆದದ್ದೇ ಮೊದಲು.

“ನಾವು ಕೈ ಕೂಡ ಹಿಡಿದವರಲ್ಲ ಮೇಡಂ. ಅವನದು ಅಂತ ನನ್ನ ಹತ್ರ ಇದ್ದಿದ್ದು ಒಂದೇ, ಅವನು ನನಗೆ ಅಣ್ಣ ಅಲ್ಲ ಅನ್ನೋದು. ಅದನ್ನೇ ನೀವು ತೆಗೆದುಬಿಟ್ರಿ.”

 ಹಾಗಿದ್ದರೆ ಆಗಲೇ ಯಾಕೆ ಜಗಳ ಆಡಲಿಲ್ಲ ಎಂದು ಮೇಡಂ ಕೇಳಿದರು. ಮರುವಾರ ಆಡಬೇಕೆಂದೇ ಹೊರಟಿದ್ದೆ ಎಂದರು ಲೇಖಕಿ. ಅಷ್ಟರಲ್ಲಿ ಹುಡುಗನ ತಾಯಿ ಪುಸ್ತಕ ಓದಿಬಿಟ್ಟಿದ್ದರು. ಓದಿ, ಪುಸ್ತಕದಲ್ಲಾದರೂ ನನ್ನ ಮಗನನ್ನು ಬದುಕಿಸಿದೆ, ಒಬ್ಬನೇ ಹುಟ್ಟಿ ಒಬ್ಬನೇ ಹೋದವನಿಗೆ ಒಬ್ಬ ತಂಗಿಯನ್ನು ಕೊಟ್ಟೆ ಎಂದು ಅಪ್ಪಿಕೊಂಡು ಅತ್ತಿದ್ದರು. ಆಮೇಲೆ ಯಾವ ಬಾಯಲ್ಲಿ ಬೇರೆ ಮಾತಾಡುವುದು?

ಆ ತಾಯಿಗೆ ಈಗ ಎಂಬತ್ತೊಂದು. ತಮ್ಮನ ಮನೆಯಲ್ಲಿದ್ದಾರೆ. ಲೇಖಕಿ ತಿಂಗಳಿಗೆರಡು ಸಲ ಹೋಗಿ ಕೂತು ಬರುತ್ತಾರೆ. ಹೋದಾಗಲೆಲ್ಲ ಮುದುಕಿಯದು ಒಂದೇ ಕೊರಗು. “ಹಾಸಿಗೆ, ಮೆಟ್ಟಿಲು, ಇಷ್ಟರಲ್ಲೇ ಅವನ ಬದುಕು ಮುಗೀತು, ಹೆತ್ತವಳನ್ನ ಬಿಟ್ರೆ ಒಂದು ಜೀವ ಅವನನ್ನ ಆಸೆಪಟ್ಟು ನೋಡಲಿಲ್ಲ ಅಂತಾರೆ. ನಾನು ಎದುರಿಗೇ ಕೂತಿರ್ತೀನಿ ಮೇಡಂ. ಹೂಂ ಆಂಟಿ ಅಂತೀನಿ.” ಹೋದ ತಿಂಗಳು ಆ ತಾಯಿಯ ಎದೆಯ ಎಕ್ಸ್‌ರೇಯನ್ನು ಲೇಖಕಿಯೇ ತೆಗೆದಿದ್ದರು. ಡಾಕ್ಟರು ಹೇಳುವ ಮೊದಲೇ ಫಿಲ್ಮಿನಲ್ಲಿ ಕಂಡಿತ್ತು. ಬಹಳ ದಿನ ಇಲ್ಲ.

ಬಾಯಲ್ಲೇ ಹೇಳಿಬಿಡಬಾರದೇ ಎಂದರು ಮೇಡಂ. ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿದೆಯಂತೆ. ಆದರೆ ಇಪ್ಪತ್ತು ವರ್ಷ ತಂಗಿಯಾಗಿ ಕೂತವಳು ಈಗ ಹೇಳಿದರೆ, ಸಾಯುವವಳನ್ನು ಸಮಾಧಾನ ಮಾಡಲು ಒಂದು ಸುಳ್ಳು ಹೇಳುತ್ತಿದ್ದಾಳೆ ಎಂದೇ ಆಂಟಿ ತಿಳಿಯುತ್ತಾರೆ. ಅಚ್ಚಾದದ್ದನ್ನು ಮಾತ್ರ ಅವರು ನಂಬುವುದು. ಪೇಪರಿನಲ್ಲಿ ಬಂದರೆ ನಂಬುತ್ತಾರೆ, ಪುಸ್ತಕದಲ್ಲಿ ಬಂದರೆ ನಂಬುತ್ತಾರೆ. ಪುಸ್ತಕ ಬರುವುದಾದರೆ ಬರಲಿ, ಆದರೆ ತನ್ನ ಕೊನೆಯ ಅಧ್ಯಾಯದೊಂದಿಗೆ ಬರಲಿ, ಆಂಟಿ ಇರುವಾಗಲೇ ಬರಲಿ ಎಂದರು ಲೇಖಕಿ. ಆಮೇಲೆ ಕೇಳಿದರು: ಆ ಹನ್ನೊಂದು ಪುಟ ಎಲ್ಲಿವೆ?

ಎಲ್ಲೂ ಇರಲಿಲ್ಲ. ಕಚೇರಿ ಬದಲಾಯಿಸಿದಾಗ ಹಳೆಯ ಹಸ್ತಪ್ರತಿಗಳೆಲ್ಲ ರದ್ದಿಗೆ ಹೋಗಿದ್ದವು. ಲೇಖಕಿಯ ಹತ್ತಿರ ಬೇರೆ ಪ್ರತಿ ಇರಲಿಲ್ಲ, ಕೈಯಲ್ಲಿ ಬರೆದ ಒಂದನ್ನೇ ನಂಬಿ ಕೊಟ್ಟಿದ್ದರು. ನಿಮಗಾದರೂ ನೆನಪಿದೆಯಾ, ಓದಿದವರು ನೀವೊಬ್ಬರೇ ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ತಿದ್ದಿದ ಪ್ರತಿ ಪುಸ್ತಕದ ಪ್ರತಿ ತಪ್ಪು ನೆನಪಿದೆ ಎಂದು ಮೇಡಂ ಎಲ್ಲರೆದುರು ಬೀಗುತ್ತಿದ್ದರು. ಈಗ ನೆನಪಿನಲ್ಲಿ ತಡಕಾಡಿದರೆ ಸಿಕ್ಕಿದ್ದು ಪೆಟ್ಟಿಗೆಯಿಂದ ಜಿಗಿಯುವ ತಮ್ಮದೇ ಬೆಕ್ಕು. ಅದರ ಹಿಂದೆ ಏನಿತ್ತೋ, ಒಂದು ಸಾಲೂ ಬರಲಿಲ್ಲ. ಇಲ್ಲ ಎಂದರು. ಕ್ಷಮಿಸಿ ಎಂದರು. ಲೇಖಕಿ ಪರವಾಗಿಲ್ಲ ಅನ್ನಲಿಲ್ಲ.

ಆ ಸಂಜೆ ಗಂಡನಿಗೆ ಎಲ್ಲ ಹೇಳಿದರು. ಎಂದೂ ಬಾಯಿ ಮುಚ್ಚದ ಮನುಷ್ಯ ಬ್ರೇಕಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಮೇಡಂಗೆ ಹಗುರವಾಗುತ್ತಿತ್ತು.

ಹತ್ತು ದಿನದ ಮೇಲೆ ಲೇಖಕಿ ಕಚೇರಿಗೆ ಬಂದು ಮೂರು ದೊಡ್ಡ ಕಂದು ಲಕೋಟೆ ಮೇಜಿನ ಮೇಲಿಟ್ಟರು. ಎಕ್ಸ್‌ರೇ ಫಿಲ್ಮು ಹಾಕಿಕೊಡುವ ಲಕೋಟೆಗಳು. ಅವುಗಳ ಹಿಂದೆ ಮುಂದೆ, ಕೆಲಸದ ನಡುವೆ ಸಿಕ್ಕಿದ ಹೊತ್ತಿನಲ್ಲಿ, ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದಿದ್ದರು. ಮೂವತ್ತರಲ್ಲಿ ಬರೆದಂತೆ ಬರಲಿಲ್ಲ, ಆಗ ಅಳು ಹೆಚ್ಚಿತ್ತು, ಈಗ ನಡೆದದ್ದಷ್ಟೇ ಇದೆ ಎಂದರು. ಅಚ್ಚಿನಲ್ಲಿ ಆರು ಪುಟವಾಗಬಹುದಾದಷ್ಟು. ಹುಡುಗಿ ಎರಡು ಸಲ ಹೇಳಬೇಕೆಂದು ಮೆಟ್ಟಿಲು ಹತ್ತುತ್ತಾಳೆ. ಒಂದು ಸಲ ಅವನು ನಿದ್ದೆ ಹೋಗಿರುತ್ತಾನೆ. ಇನ್ನೊಂದು ಸಲ ಬಾಗಿಲು ತೆರೆದು, ಏನು ಎನ್ನುತ್ತಾನೆ. ಇವಳು, ಏನಿಲ್ಲ, ಕರಿ ಬೆಕ್ಕು ಮರಿ ಹಾಕಿದೆ ಎಂದುಬಿಡುತ್ತಾಳೆ. ಅವನು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಮರುವಾರ ಅವನಿಲ್ಲ. ಕರಿ ಬೆಕ್ಕು ಮರಿ ಹಾಕಿರಲಿಲ್ಲ.

ಮೇಡಂ ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಓದಿದರು, ಅಭ್ಯಾಸ. ಎರಡು ಕಡೆ ಅಲ್ಪವಿರಾಮ ಹಾಕಿದರು. ಮೊದಲ ಅಧ್ಯಾಯದಿಂದ ಅಣ್ಣ ಎಂಬುದನ್ನೆಲ್ಲ ತೆಗೆದು ಎರಡು ಮಹಡಿಯನ್ನು ಮತ್ತೆ ಎರಡು ಮನೆ ಮಾಡಿದರು. ಚಿಕ್ಕಮ್ಮನಾಗಿ ಅಡುಗೆಮನೆ ಸೇರಿದ್ದ ಹುಡುಗನ ತಾಯಿಯನ್ನು ಅವಳ ಮನೆಗೆ ಕಳಿಸಿದರು. ಅದನ್ನು ಮಾಡುವಾಗ ಕಣ್ಣು ಮಂಜಾಗಿ ಕೆಲಸ ನಿಲ್ಲಿಸಬೇಕಾಯಿತು.

ಚಿಕ್ಕ ಯಜಮಾನಿ ನಿಂತುಕೊಂಡೇ ಓದಿದಳು. ಚೆನ್ನಾಗಿದೆ ಎಂದಳು. ಆದರೆ ಇದು ಪ್ರೇಮಕತೆ ಆಗುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಹೇಳುವುದೇ ಇಲ್ಲ, ಮುಟ್ಟುವುದಿಲ್ಲ, ಕೊನೆಗೆ ಒಬ್ಬ ಸಾಯುತ್ತಾನೆ. ಓದುವ ಹುಡುಗಿಗೆ ಏನು ಸಿಕ್ಕಿತು? ಕಾಲೇಜಿನ ಕೊನೆಯೇ ಇರಲಿ, ಎರಡು ದಿನದಲ್ಲಿ ಬರೆದುಕೊಡಿ ಎಂದಳು. ಮೇಡಂ ಬೀರುವಿನಿಂದ ಒಂದು ಕಡತ ತಂದು ಮುಂದಿಟ್ಟರು. ನಲವತ್ತಮೂರು ಪತ್ರ. ರಿಮೋಟಿನ ಹುಡುಗಿಯದನ್ನು ಓದಿ ಚಿಕ್ಕ ಯಜಮಾನಿ ಜೋರಾಗಿ ನಕ್ಕಳು. ಹತ್ತನೇ ಪತ್ರದ ಹೊತ್ತಿಗೆ ಕುರ್ಚಿ ಎಳೆದು ಕೂತಳು. ಅದರಲ್ಲಿ ಹನ್ನೆರಡರ ಹುಡುಗಿಯೊಬ್ಬಳು, ‘ನನಗೂ ಕೈ ನಡುಗುತ್ತದೆ, ಆದರೆ ಅವನು ನನ್ನ ಅಣ್ಣ ಅಲ್ಲ, ನನಗೆ ಏನಾಗಿದೆ ಅಂತ ನಿಮ್ಮ ಪುಸ್ತಕದಲ್ಲಿ ಇಲ್ಲ’ ಎಂದು ಬರೆದಿದ್ದಳು.

“ಈ ಮಗುಗೂ ನಾನು ಒಳ್ಳೆ ತಂಗಿ ಅಂತ ಕಾರ್ಡ್ ಬರೆದೆ,” ಎಂದರು ಮೇಡಂ. “ಅವಳಿಗೆ ಮುತ್ತು ಬೇಕಿರಲಿಲ್ಲಮ್ಮ. ತನಗೆ ಆಗ್ತಿರೋದು ಬೇರೆಯವರಿಗೂ ಆಗಿದೆ ಅಂತ ಗೊತ್ತಾದ್ರೆ ಸಾಕಿತ್ತು. ಅವತ್ತು ನಾನು ಕದ್ದೆ. ಇವತ್ತು ಇಲ್ಲದ್ದನ್ನ ಇಟ್ಟರೆ ಅದೂ ಕದ್ದ ಹಾಗೇ. ಆ ಕಾಲೇಜಿನ ಕೊನೆ ಬೇಕಾದ್ರೆ ಬರೆಸ್ಕೊಳ್ಳಿ, ಕರಡಿನ ಮೇಲೆ ನನ್ನ ಸಹಿ ಇರಲ್ಲ.”

ಮೂವತ್ತೊಂದು ವರ್ಷದಲ್ಲಿ ಮೇಡಂ ಆಗುವುದಿಲ್ಲ ಎಂದದ್ದು ಅದೇ ಮೊದಲು. ಬಾಗಿಲ ಬಳಿ ನಿಂತಿದ್ದ ಡಿಟಿಪಿಯವನು ಕೇಳಿಸಿಕೊಂಡು ಮೆಲ್ಲನೆ ಹಿಂದೆ ಸರಿದ. ಕೆಲಸಕ್ಕೆ ಕುತ್ತು ಬಂದರೂ ಬರಲಿ ಎಂದು ಮೇಡಂ ಮನಸ್ಸಿನಲ್ಲೇ ಚೀಲ ಜೋಡಿಸಿಕೊಂಡಿದ್ದರು. ಚಿಕ್ಕ ಯಜಮಾನಿ ಆ ಒಂದು ಪತ್ರವನ್ನು ಇನ್ನೊಮ್ಮೆ ಓದಿದಳು. ಮಾರಾಟವಾಗದಿದ್ದರೆ ನಿಮ್ಮ ತಲೆಗೇ ಕಟ್ಟುತ್ತೇನೆ ಎಂದಳು. ರಕ್ಷಾಪುಟದ ಮೇಲೆ ಕೈ ಕೈ ಹಿಡಿದವರು ಹೋಗಿ ಬೆಕ್ಕುಗಳು ಬಂದವು. ಗುಲಾಬಿ ಬಣ್ಣವನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ.

ಮೂರು ವಾರ ಅಚ್ಚುಮನೆಯ ಬೆನ್ನು ಬಿಡದೆ ಮೇಡಂ ಪುಸ್ತಕ ಮಾಡಿಸಿದರು. ಈ ನಡುವೆ ಲೇಖಕಿಯಿಂದ ಎರಡು ಸಲ ಫೋನು ಬಂತು, ಆಂಟಿ ಈಗ ಮಂಚ ಬಿಟ್ಟು ಏಳುತ್ತಿಲ್ಲ ಎಂದು. ಮೊದಲ ಪ್ರತಿಯ ಅಂಟು ಒಣಗುವ ಮೊದಲೇ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟರು. ಒಬ್ಬಳೇ ಹೋಗಿ ಕೊಡುವ ಧೈರ್ಯ ನನಗಿಲ್ಲ, ನೀವೂ ಬನ್ನಿ ಎಂದಿದ್ದರು ಲೇಖಕಿ. ಮೇಡಂ ಗಂಡ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೋದರು. ನೆತ್ತಿಯ ಮೇಲೆ ‘ಕಲಿಯುವವರು’ ಎಂಬ ದೊಡ್ಡ ಫಲಕ ಇದ್ದದ್ದರಿಂದ ದಾರಿಯುದ್ದಕ್ಕೂ ಎಲ್ಲರೂ ಹಾರನ್ ಹೊಡೆದರು.

ಹುಡುಗನ ತಾಯಿ ಕಿಟಕಿಯ ಪಕ್ಕದ ಮಂಚದ ಮೇಲೆ ಮೂರು ದಿಂಬಿಗೆ ಒರಗಿದ್ದರು. ಕಣ್ಣು ಸೋತಿತ್ತು, ಕಿವಿ ಚುರುಕಾಗಿತ್ತು. ಪುಸ್ತಕವನ್ನು ಮೂಸಿ, ಹೊಸದಾಗಿ ಹಾಕಿದರಾ ಎಂದರು. ಕೊನೆ ಬದಲಾಗಿದೆ ಆಂಟಿ ಎಂದು ಲೇಖಕಿ ಅದನ್ನು ಮೇಡಂ ಕೈಗೆ ಕೊಟ್ಟರು. ಹಾಗಾಗಿ ಮೇಡಂ ಓದಿದರು. ಆರೇ ಪುಟ. ಲೇಖಕಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮಗ ತೀರಿಕೊಳ್ಳುವ ಕಡೆ ನಿಲ್ಲಿಸಲೇ ಎಂದು ಮೇಡಂ ತಲೆಯೆತ್ತಿ ನೋಡಿದರು. ತಾಯಿ, ಮುಂದೆ ಎಂಬಂತೆ ಕೈ ಮಾಡಿದರು. ಓದಿ ಮುಗಿದಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ತಪ್ಪು ಮಾಡಿದೆವಾ ಎಂದು ಮೇಡಂಗೆ ಅನ್ನಿಸಿತು.

“ಅವನಿಗೆ ಗೊತ್ತಿತ್ತಾ?” ಎಂದು ಕೇಳಿದರು ತಾಯಿ.

“ಇಲ್ಲ ಆಂಟಿ. ಹೇಳಲಿಲ್ಲ.”

ತಾಯಿ ಯೋಚಿಸಿದರು. “ಒಳ್ಳೇದೇ ಆಯ್ತು. ಹೇಳಿದ್ರೆ ಮಂಚದ ಕೆಳಗೆ ಹೋಗಿ ಕೂತುಬಿಡ್ತಿದ್ದ. ಮಹಾ ಪುಕ್ಕಲ ಅವನು.” ಅಂದವರೇ ನಕ್ಕರು. ದೊಡ್ಡದಾಗಿ, ಕೆಮ್ಮು ಬರುವಷ್ಟು ನಕ್ಕರು. ತಮ್ಮನ ಸೊಸೆ ಏನಾಯಿತೋ ಎಂದು ಒಳಗಿನಿಂದ ಓಡಿಬಂದಳು. ಸತ್ತ ಮಗುವನ್ನು ಎಲ್ಲರೂ ಹೊಗಳುತ್ತಾರೆ, ಯಾರೂ ಗೇಲಿ ಮಾಡುವುದಿಲ್ಲ. ಮೂವತ್ತೇಳು ವರ್ಷದಲ್ಲಿ ಆ ಹುಡುಗನನ್ನು ಯಾರಾದರೂ ಗೇಲಿ ಮಾಡಿದ್ದು ಅದೇ ಮೊದಲು. ಇಷ್ಟು ಹೊತ್ತೂ ಗೋಡೆಯ ಫೋಟೋದಲ್ಲಿದ್ದವನು ಆ ಒಂದು ಬೈಗುಳಕ್ಕೆ ಕೋಣೆಯೊಳಗೆ ಬಂದುಬಿಟ್ಟಂತಾಯಿತು.

ನಕ್ಕು, ಕಣ್ಣೊರೆಸಿಕೊಂಡು, ಅವರು ಕಷ್ಟಪಟ್ಟು ಗೋಡೆಯ ಕಡೆಗೆ ಸರಿದರು. ಮಂಚದ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು. ಕುರ್ಚಿಯಲ್ಲಿ ಕೂತದ್ದು ಸಾಕು, ಇಲ್ಲಿ ಬಾ ಎಂದು ಲೇಖಕಿಯನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಅವರ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ಹೇಳು. ಏನು ನೋಡಿ ಇಷ್ಟಪಟ್ಟೆ ಅವನನ್ನ? ನನ್ನ ಮಗನ ವಿಷಯ ನನಗೆ ಗೊತ್ತಿರೋದೆಲ್ಲ ಹೇಳಿ ಹೇಳಿ ಸವೆದುಹೋಗಿದೆ. ಗೊತ್ತಿಲ್ಲದ್ದು ಹೇಳು.”

ಐವತ್ತರ ಹೆಂಗಸಿನ ಮುಖ ಕಿವಿಯವರೆಗೆ ಕೆಂಪಾಯಿತು. ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತಿದರು, ಬಿಚ್ಚಿದರು. ಆಮೇಲೆ, ಅವನು ಬೆಕ್ಕುಗಳ ಜೊತೆ ಮಾತಾಡುವಾಗ ಬಹುವಚನ ಹಾಕುತ್ತಿದ್ದ ಆಂಟಿ, ಬನ್ನಿ ಕೂತುಕೊಳ್ಳಿ ಅನ್ನುತ್ತಿದ್ದ ಎಂದು ಶುರುಮಾಡಿದರು. ತಾಯಿ, ಹೌದಾ ಎಂದರು. ಅವರಿಗೆ ಅದು ಗೊತ್ತಿರಲಿಲ್ಲ. ಮೇಡಂ ಪುಸ್ತಕ ಮುಚ್ಚಿ ಮಂಚದ ಮೇಲಿಟ್ಟು, ಸದ್ದಾಗದಂತೆ ಎದ್ದು ಹೊರಗೆ ಬಂದರು.